ಅಮೆರಿಕದ ಮಕ್ಕಳ ಸಾಕರ್‌ನಲ್ಲಿ (ಫುಟ್‌ಬಾಲ್) ಪೋಷಕರು ರೆಫರಿಗೆ ಹೇಗೆ ಬೆಂಬಲವಾಗಬಹುದು?

ಮೊದಲು ನಿಯಮ ತಿಳಿಯಿರಿ. ಹೆಚ್ಚಿನ ಕೂಗಾಟ ಹುಟ್ಟುವುದೇ ಅರ್ಧ ತಿಳಿವಳಿಕೆಯಿಂದ. ಆಫ್‌ಸೈಡ್ (ಚೆಂಡಿಗಿಂತಲೂ ಎದುರಾಳಿಯ ಕೊನೆಯಿಂದ ಎರಡನೆಯ ಆಟಗಾರನಿಗಿಂತಲೂ ಗೋಲಿನ ಹತ್ತಿರ ನಿಂತು ಆಟದಲ್ಲಿ ತೊಡಗುವ ತಪ್ಪು) ನೋಡಬೇಕಾದದ್ದು ಸಹ ಆಟಗಾರ ಚೆಂಡು ಒದ್ದ ಕ್ಷಣದಲ್ಲಿ, ಅದು ತಲುಪಿದಾಗ ಅಲ್ಲ. ಥ್ರೋ-ಇನ್ (ಅಂಚಿನಿಂದ ಕೈಯಲ್ಲಿ ಎಸೆತ), ಗೋಲ್ ಕಿಕ್ (ಗೋಲಿನ ಮುಂದಿನಿಂದ ಒದೆತ), ಕಾರ್ನರ್‌ನಿಂದ (ಮೂಲೆಯ ಒದೆತ) ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡೇ ಇಲ್ಲ. ಕೈಗೆ ತಗುಲಿದ್ದೆಲ್ಲ ಹ್ಯಾಂಡ್‌ಬಾಲ್ ಅಲ್ಲ. 10 ವರ್ಷದವರು ಮತ್ತು ಅದಕ್ಕಿಂತ ಚಿಕ್ಕವರು ಬೇಕೆಂದೇ ಚೆಂಡನ್ನು ತಲೆಯಿಂದ ಹೊಡೆದರೆ ಎದುರಾಳಿಗೆ ಇನ್‌ಡೈರೆಕ್ಟ್ ಫ್ರೀ ಕಿಕ್ (ನೇರವಾಗಿ ಗೋಲು ಹೊಡೆಯಲಾಗದ ಒದೆತ). ಅದು ರೆಫರಿಯ ಹಠವಲ್ಲ.

ಅಲ್ಲಿ ಸೀಟಿ ಹಿಡಿದವರು ಎಷ್ಟೋ ಸಲ 13–14ರ ಮಕ್ಕಳೇ. ನೀವು ಅರಚಿದರೆ ಆ ಮಗು ಮುಂದಿನ ತೀರ್ಪಿಗೆ ಹಿಂಜರಿಯುತ್ತದೆ, ಆಟ ಒರಟಾಗುತ್ತದೆ, ಪೆಟ್ಟಾಗುವುದು ನಿಮ್ಮ ಮಗುವಿಗೇ. ಟಚ್‌ಲೈನ್‌ನಿಂದ (ಮೈದಾನದ ಉದ್ದನೆಯ ಅಂಚುಗೆರೆ) ಎರಡು ಮೂರು ಗಜ ಹಿಂದೆ ನಿಲ್ಲಿ. ಸಹಾಯಕ ರೆಫರಿಗೆ ಓಡಲು ಜಾಗ ಬೇಕು. ದೂರಿದ್ದರೆ ಮರುದಿನ ಕ್ಲಬ್ ಮೂಲಕ ಲೀಗ್‌ಗೆ ಬರೆಯಿರಿ. ಪಂದ್ಯ ಮುಗಿದಾಗ ನಿಮ್ಮ ಮಗು ಹೋಗಿ ರೆಫರಿಯ ಕೈಕುಲುಕಲಿ, ಸೋತ ದಿನವಂತೂ ತಪ್ಪದೆ.