ರಕ್ತ ಹಾಕಿದ್ದಾರೆ, ಕಾರಣ ಬರೆದಿಲ್ಲ
ವಿರಾಜಪೇಟೆಯಿಂದ ಕೇಳಿದ್ದೀರಿ: ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ತೊಡೆಮೂಳೆ ಮುರಿದವರ ಫೈಲು. ಹಿಮೋಗ್ಲೋಬಿನ್ 11ರಿಂದ 6.8ಕ್ಕೆ ಇಳಿದಿದೆ, ಎರಡು ಬಾಟಲಿ ರಕ್ತ ಹಾಕಿದ್ದಾರೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಮಾತ್ರ ರಕ್ತಹೀನತೆ ಅನ್ನುವ ಪದವೇ ಇಲ್ಲ. ರಕ್ತಹೀನತೆಗೆ ನಾನೇ ಕೋಡ್ (ಕಾಯಿಲೆಗೆ ಕೊಡುವ ಸಂಕೇತ ಸಂಖ್ಯೆ) ಹಾಕಬಹುದಾ ಅಂತ.

ಹಾಕಬೇಡಿ. ಲ್ಯಾಬ್ ರಿಪೋರ್ಟ್ ನೋಡಿ ಕಾಯಿಲೆ ತೀರ್ಮಾನಿಸುವುದು ಫೈಲು ಓದಿ ಕೋಡ್ ಹಾಕುವ ಕೋಡರ್ ಕೆಲಸವಲ್ಲ, ಡಾಕ್ಟರದ್ದು. ಐಸಿಡಿ-10ರಲ್ಲಿ (ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆ ಕೋಡ್‌ಗಳ ಪಟ್ಟಿ) ದಿಢೀರ್ ರಕ್ತಸ್ರಾವದಿಂದ ಬಂದ ರಕ್ತಹೀನತೆಗೆ ಡಿ62. ಬಹುಕಾಲ ಸ್ವಲ್ಪಸ್ವಲ್ಪವೇ ರಕ್ತ ಹೋಗಿ ಕಬ್ಬಿಣದಂಶ ಇಳಿದಿದ್ದರೆ ಡಿ50.0. ಇದರಲ್ಲಿ ಯಾವುದು ಅಂತ ನಾವು ಊಹಿಸಿದರೆ ಕೆಟ್ಟಿತು.

ಡಾಕ್ಟರಿಗೆ ಬರೆದು ಕೇಳಿ. ಆದರೆ 'ಡಿ62 ಅಂತ ಬರೆದುಕೊಡಿ ಸರ್' ಅನ್ನಬೇಡಿ; ಶುರುವಿನಲ್ಲಿ ನಾನು ಹಾಗೆ ಕೇಳಿ ಬೈಸಿಕೊಂಡಿದ್ದೇನೆ. 'ಅಡ್ಮಿಟ್ ಆದಾಗ 11, ಆಪರೇಷನ್ ಮರುದಿನ 6.8, ಎರಡು ಯೂನಿಟ್ ಕೊಟ್ಟಿದೆ. ಯಾವ ಕಾಯಿಲೆಗೆ ಅಂತ ತಿಳಿಸಿ' ಎಂದು ಅಂಕಿ ಮುಂದಿಟ್ಟು ಸುಮ್ನಿರಿ. ಉತ್ತರ ಫೈಲಿನಲ್ಲೇ ಇರಲಿ, ತಾರೀಕು ಸಹಿ ಸಮೇತ. ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಅಂದಹಾಗೆ, ಏಣಿಯಿಂದ ಬಿದ್ದದ್ದಕ್ಕೆ ಡಬ್ಲ್ಯೂ11, ಮರದಿಂದಾದರೆ ಡಬ್ಲ್ಯೂ14. ನಮ್ಮ ಕಡೆ ಏಣಿ ಸಿಲ್ವರ್ ಓಕ್ ಮರಕ್ಕೇ ಒರಗಿರುತ್ತದೆ ಅಲ್ವಾ, ಕೇಸ್ ಶೀಟಲ್ಲಿ ಬರೀ 'ಬಿದ್ದು ಪೆಟ್ಟು' ಅಂತಿರುತ್ತದೆ. ಏಣಿಯಿಂದಲೋ ಮರದಿಂದಲೋ, ಅದನ್ನೂ ಕೇಳಿಬಿಡಿ.