ವಿಜಯಪುರದ ಬಿಸಿಲಿನಲ್ಲಿ ಇಗ್ವಾನಾಕ್ಕೆ ಯಾವ ದೀಪ, ಯಾವ ಉಪಕರಣ ಬೇಕು?

ಮರದ ಮೇಲೆ ಬದುಕುವ ದೊಡ್ಡ ಹಲ್ಲಿಯ ಜಾತಿಯಾದ ಹಸಿರು ಇಗ್ವಾನಾದ ಮರಿಯನ್ನು ನಾಲ್ಕು ಅಡಿಯ ಗಾಜಿನ ತೊಟ್ಟಿಯಲ್ಲಿ ಕಿಟಕಿಯ ಪಕ್ಕ ಇಟ್ಟು, ಕೆಂಪು ಬಲ್ಬನ್ನು ಹಗಲುರಾತ್ರಿ ಉರಿಸುತ್ತಿರುವುದಾಗಿ ಬರೆದಿದ್ದೀರಿ. ಇನ್ನೂ ಯಾವ ಹೀಟರ್ ಕೊಳ್ಳಬೇಕೆಂದು ಕೇಳಿದ್ದೀರಿ. ನಾನು ಬಾಗಲಕೋಟೆಯ ನವನಗರದಲ್ಲಿ ಇದೇ ಪ್ರಾಣಿಯನ್ನು ಸಾಕಿದ್ದೇನೆ. ಇಂಟರ್‌ನೆಟ್ಟಿನಲ್ಲಿ ಸಿಗುವ ಸೂಚನೆಗಳು ಬಹುಮಟ್ಟಿಗೆ ಚಳಿ ದೇಶದವರು ಬರೆದವು. ಅಲ್ಲಿ ಪಂಜರಕ್ಕೆ ಕಾವು ಕೊಡುವುದೇ ದೊಡ್ಡ ಕೆಲಸ. ನಮ್ಮ ಕಡೆ ವರ್ಷದ ಬಹುಪಾಲು ಕಾವಿಗೇನೂ ಬರವಿಲ್ಲ, ಕೊರತೆಯಿರುವುದು ಅತಿನೇರಳೆ ಬೆಳಕು ಮತ್ತು ತೇವದ್ದು. ಆದ್ದರಿಂದ ಹಣವನ್ನು ಮೊದಲು ಹೀಟರಿಗಲ್ಲ, ಅತಿನೇರಳೆ ಬೆಳಕಿನ ಒಂದು ಬಗೆಯಾದ ಯುವಿಬಿ ಬೀರುವ ಟ್ಯೂಬಿಗೆ ಹಾಕಿರಿ.

ಇಗ್ವಾನಾದ ಚರ್ಮದ ಮೇಲೆ ಯುವಿಬಿ ಕಿರಣ ಬಿದ್ದಾಗ ಡಿ3 ವಿಟಮಿನ್ ತಯಾರಾಗುತ್ತದೆ. ಅದಿಲ್ಲದೆ ತಿಂದ ಸೊಪ್ಪಿನ ಕ್ಯಾಲ್ಸಿಯಂ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ, ಮೂಳೆ ಮೆತ್ತಗಾಗುತ್ತದೆ, ದವಡೆ ಊದುತ್ತದೆ, ಕಾಲು ನಡುಗುತ್ತವೆ. ಕಿಟಕಿಯ ಗಾಜು ಈ ಕಿರಣವನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುವುದರಿಂದ ಕಿಟಕಿಯ ಬಿಸಿಲು ನಿಮ್ಮ ಮರಿಗೆ ಬರೀ ಸೆಕೆಯನ್ನಷ್ಟೇ ಕೊಡುತ್ತಿದೆ. ಅದಕ್ಕಿಂತ ಮುಖ್ಯವಾಗಿ, ನೇರ ಬಿಸಿಲು ಬಿದ್ದ ಗಾಜಿನ ತೊಟ್ಟಿ ಕೆಲವೇ ನಿಮಿಷಗಳಲ್ಲಿ ಪ್ರಾಣ ತೆಗೆಯುವಷ್ಟು ಕಾಯಬಲ್ಲದು. ಅದನ್ನು ಇಂದೇ ಅಲ್ಲಿಂದ ಸರಿಸಿರಿ.

ಟ್ಯೂಬು ಟಿ5 ಎಚ್‌ಒ ಎಂಬ, ತೆಳುವಾದರೂ ಹೆಚ್ಚು ಬೆಳಕು ಬೀರುವ ಮಾದರಿಯದಾಗಿರಲಿ, ಯುವಿಬಿ ಪ್ರಮಾಣ ಶೇ 10 ಅಥವಾ 12 ಎಂದು ನಮೂದಿಸಿದ್ದಿರಲಿ, ಪಂಜರದ ಉದ್ದದ ಅರ್ಧಕ್ಕಿಂತ ಕಡಿಮೆಯಿರಬಾರದು. ಸುರುಳಿಯಾಕಾರದ ಚಿಕ್ಕ ಬಲ್ಬಿನ ಬೆಳಕು ಇಷ್ಟು ಉದ್ದದ ಪ್ರಾಣಿಯ ಮೈತುಂಬ ಬೀಳುವುದಿಲ್ಲ. ಇಗ್ವಾನಾ ಮಲಗುವ ಕೊಂಬೆಗೂ ಟ್ಯೂಬಿಗೂ ಒಂದರಿಂದ ಒಂದೂವರೆ ಅಡಿ ಅಂತರವಿರಲಿ. ನಡುವೆ ಸಣ್ಣ ಕಣ್ಣಿನ ಜಾಳಿ ಇದ್ದರೆ ಕಿರಣದ ಮೂರನೆಯ ಒಂದು ಭಾಗದಷ್ಟು ಅಲ್ಲೇ ನಷ್ಟವಾಗಬಹುದು. ಕಣ್ಣಿಗೆ ಟ್ಯೂಬು ಚೆನ್ನಾಗಿಯೇ ಬೆಳಗುತ್ತಿದ್ದರೂ ಒಳಗಿನ ಯುವಿಬಿ ಕುಗ್ಗುತ್ತಾ ಹೋಗುವುದರಿಂದ, ಅಳೆಯುವ ಮೀಟರ್ ಇಲ್ಲದವರು ವರ್ಷಕ್ಕೊಮ್ಮೆ ಬದಲಿಸುವುದು ಕ್ಷೇಮ. ಟೈಮರ್ ಹಾಕಿ ದಿನಕ್ಕೆ 12 ಗಂಟೆ ಉರಿಸಿರಿ.

ಕೆಂಪು ಬಲ್ಬನ್ನು ತೆಗೆದುಬಿಡಿ. ಇಗ್ವಾನಾದ ನೆತ್ತಿಯ ಮೇಲೆ ಬೆಳಕನ್ನು ಗ್ರಹಿಸುವ ಮೂರನೆಯ ಕಣ್ಣಿದೆ. ರಾತ್ರಿ ಅದಕ್ಕೆ ಕತ್ತಲೆಯೇ ಬೇಕು. ಹಗಲಿನಲ್ಲಿ ಒಂದು ಮೂಲೆಯ ಕೊಂಬೆಯ ಮೇಲೆ ಮಾತ್ರ ಬಿಳಿ ಹ್ಯಾಲೊಜೆನ್ ಬಲ್ಬಿನಿಂದ ಸುಮಾರು 35ರಿಂದ 38 ಡಿಗ್ರಿ ಕಾವು ಬರಲಿ, ಎದುರು ಮೂಲೆ 27ರ ಆಸುಪಾಸಿನಲ್ಲಿರಲಿ. ಪ್ರಾಣಿ ತನಗೆ ಬೇಕಾದ ಕಡೆ ತಾನೇ ಸರಿಯುತ್ತದೆ. ಮೈ ತಾಗದಂತೆ ಬಲ್ಬಿಗೆ ತಂತಿಯ ಬುಟ್ಟಿ ಕಟ್ಟಿರಿ. ಬಿಸಿಕಲ್ಲು ಎಂದು ಮಾರುವ, ಕರೆಂಟಿನಿಂದ ಕಾಯುವ ವಸ್ತುವನ್ನು ಮಾತ್ರ ಕೊಳ್ಳಬೇಡಿ, ಅದರ ಮೇಲೆ ಮಲಗಿದ ಪ್ರಾಣಿಯ ಹೊಟ್ಟೆಯ ಚರ್ಮ ಸುಡುತ್ತದೆ.

ಇನ್ನು ಏಪ್ರಿಲ್, ಮೇ ತಿಂಗಳು. ಹೊರಗೆ 40 ಡಿಗ್ರಿ ದಾಟಿ, ಆರ್‌ಸಿಸಿ ಮಾಳಿಗೆ ರಾತ್ರಿಯೂ ಬಿಸಿ ಉಗುಳುವ ಆ ದಿನಗಳಲ್ಲಿ, ಕಾವನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇದೆಯೆಂದು ನಿಶ್ಚಿಂತರಾಗಬೇಡಿ. ಅದು ಬಲ್ಬನ್ನು ಆರಿಸಬಲ್ಲದೇ ಹೊರತು ಕೋಣೆಯನ್ನು ತಂಪು ಮಾಡಲಾರದು. ಹ್ಯಾಲೊಜೆನ್ ಪೂರ್ತಿ ಆರಿಸಿ, ಕಡಿಮೆ ಕಾವಿನ ಯುವಿಬಿ ಟ್ಯೂಬನ್ನಷ್ಟೇ ಉಳಿಸಿ, ಪಂಜರವನ್ನು ಕೆಳಮನೆಯ ಕೋಣೆಗೆ ಇಳಿಸಿರಿ. ನೀರಿನ ಕೂಲರ್ ಒಣಹವೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ತೇವವನ್ನೂ ಕೊಡುತ್ತದೆ. ಗಾಳಿ ನೇರವಾಗಿ ಮೈಗೆ ಬಡಿಯದಿದ್ದರಾಯಿತು. ಮಧ್ಯ ಮತ್ತು ದಕ್ಷಿಣ ಅಮೆರಿಕದ ಹಸಿ ಕಾಡಿನಿಂದ ಬಂದ ಈ ಪ್ರಾಣಿಗೆ ಶೇ 60ರಿಂದ 80ರಷ್ಟು ತೇವ ಬೇಕು, ನಮ್ಮ ಬೇಸಿಗೆ ಅದರ ಹತ್ತಿರಕ್ಕೂ ಬರುವುದಿಲ್ಲ. ಬಾಯಿ ತೆರೆದುಕೊಂಡೇ ಕುಳಿತಿದ್ದರೆ ಕಾವು ಮೀರಿದೆಯೆಂದೇ ತಿಳಿಯಿರಿ. ಕರೆಂಟ್ ಹೋದಾಗ ಇನ್ವರ್ಟರಿನಲ್ಲಿ ಫ್ಯಾನ್ ಓಡಲಿ. ಯುವಿಬಿ ಒಂದೆರಡು ಗಂಟೆ ಇಲ್ಲದಿದ್ದರೆ ನಷ್ಟವಿಲ್ಲ.

ದೊಡ್ಡದಾದಾಗ ಬಾಲಸಮೇತ ಐದಡಿಗೂ ಮಿಕ್ಕಿ ಬೆಳೆಯುವುದರಿಂದ ಗಾಜಿನ ತೊಟ್ಟಿ ಹೇಗೂ ಉಳಿಯುವುದಿಲ್ಲ. ಬಡಿಗರಿಂದ ಆಳೆತ್ತರದ ಜಾಳಿಯ ಪಂಜರ ಮಾಡಿಸಿರಿ. ಇಗ್ವಾನಾ, ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿರುವುದರಿಂದ, 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲಿನಲ್ಲಿ ನೋಂದಣಿಯೂ ಆಗಬೇಕು.

ನೀವು ಕೇಳಿದ ಹೀಟರ್ ಬೇಕಾಗುವುದು ಡಿಸೆಂಬರ್, ಜನವರಿಯ ರಾತ್ರಿಗಳಿಗಷ್ಟೇ. ಕೋಣೆ 22 ಡಿಗ್ರಿಗಿಂತ ಕೆಳಗಿಳಿದರೆ ಬೆಳಕು ಬೀರದ ಸೆರಾಮಿಕ್ ಹೀಟರನ್ನು ಥರ್ಮೋಸ್ಟಾಟಿನ ಮೂಲಕವೇ, ಪ್ಲಾಸ್ಟಿಕ್ ಅಲ್ಲದ ಪಿಂಗಾಣಿ ಹೋಲ್ಡರಿನಲ್ಲಿ ಹಾಕಿರಿ.