ಅಳಿದುಹೋದ ಹಂದಿಗಳು ಏನು ತಿನ್ನುತ್ತಿದ್ದವೆಂದು ಹಲ್ಲಿನ ಸವೆತ ನೋಡಿ ಹೇಳಬಹುದೇ? ಉಡುಪಿಯಲ್ಲೇ ಕೂತು ಇದನ್ನು ಕಲಿಯುವುದು ಹೇಗೆ?

ಹೇಳಬಹುದು. ಆದರೆ ಬರಿಗಣ್ಣಿಗೆ ಕಾಣುವ ಸವೆತದಲ್ಲಿ ಹೆಚ್ಚಾಗಿ ಸಿಗುವುದು ಪ್ರಾಣಿಯ ವಯಸ್ಸು. ಮೇವಿನ ಸುದ್ದಿ ಇರುವುದು ಎನಾಮೆಲ್ (ಹಲ್ಲಿನ ಹೊರಗಿನ ಗಟ್ಟಿ ಪದರ) ಮೇಲಿನ ಸೂಕ್ಷ್ಮ ಗೀರು, ಗುಳಿಗಳಲ್ಲಿ. ಹುಲ್ಲು ಮೇಯ್ದ ಹಲ್ಲಿನಲ್ಲಿ ಗೀರುಗಳು ಒಂದೇ ದಿಕ್ಕಿಗಿರುತ್ತವೆ, ಹಿಡಿಸೂಡಿಯಲ್ಲಿ ಆಗಷ್ಟೇ ಗುಡಿಸಿದ ಅಂಗಳದ ಹಾಗೆ. ಗಟ್ಟಿ ಬೀಜ ಒಡೆದ ಹಲ್ಲು ಗುಳಿಬಿದ್ದು ಒರಟಾಗಿರುತ್ತದೆ.

ಎರಡನೇ ದವಡೆ ಹಲ್ಲನ್ನೇ ಆರಿಸಿ. ಮೊದಲನೆಯದು ಬೇಗ ಸವೆದು ಒಳಗಿನ ಮೆತ್ತಗಿನ ಪದರ ಡೆಂಟಿನ್ ಕಾಣುತ್ತದೆ, ಮೂರನೆಯದು ತಡವಾಗಿ ಹುಟ್ಟುತ್ತದೆ. ಹತ್ತಿಗೆ ಅಸಿಟೋನ್ ಹಾಕಿ ಮೆಲ್ಲಗೆ ಒರೆಸಿ. ಪಳೆಯುಳಿಕೆಗೆ ಬಳಿದ ಅಂಟು ಉಳಿದರೆ ನೀವು ಅಳೆಯುವುದು ಅಂಟನ್ನು! ಹಲ್ಲಿನ ಮೇಲ್ಮೈಯ ಅಚ್ಚು ತೆಗೆಯಲು ದಂತವೈದ್ಯರು ಬಳಸುವ ಪಾಲಿವಿನೈಲ್ ಸಿಲಾಕ್ಸೇನ್ ಸಾಕು. ಮಣಿಪಾಲ, ಮಂಗಳೂರಿನಲ್ಲಿ ದಂತ ಕಾಲೇಜುಗಳಿರುವಾಗ ಅದು ಸಿಗದ ವಸ್ತುವೇನಲ್ಲ ಮಾರಾಯ್ರೆ. ಲೇಟೆಕ್ಸ್ ಗ್ಲೌಸ್ ಮಾತ್ರ ಬೇಡ, ಅದರ ಗಂಧಕ ತಾಗಿದರೆ ಅಚ್ಚು ಗಟ್ಟಿಯಾಗುವುದಿಲ್ಲ, ನೈಟ್ರೈಲ್ ಹಾಕಿ. ಮೊದಲ ಅಚ್ಚು ಧೂಳು ಎತ್ತಿಕೊಂಡು ಬರುತ್ತದೆ, ಬಿಸಾಡಿ. ಎರಡನೆಯದನ್ನು ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ (ಮೇಲ್ಮೈಯ ಏರುತಗ್ಗು ಅಳೆಯುವಂಥದ್ದು) 100 ಪಟ್ಟಿನ ಲೆನ್ಸ್ ಹಾಕಿ ಸ್ಕ್ಯಾನ್ ಮಾಡಬೇಕು. ಎಲ್ಲ ಹಲ್ಲುಗಳಲ್ಲೂ ಸವೆತದ ಅದೇ ಮುಖ ತೆಗೆದುಕೊಳ್ಳಿ; ಅರೆಯುವ ಮುಖಕ್ಕೂ ಕತ್ತರಿಸುವ ಮುಖಕ್ಕೂ ಅಂಕಿ ಬೇರೆ ಬರುತ್ತದೆ.

ಹಂದಿಯಲ್ಲಿ ದೊಡ್ಡ ತಲೆನೋವು ಮಣ್ಣು. ನಮ್ಮ ತೋಟಕ್ಕೆ ನುಗ್ಗಿ ಕೆಸು, ಮರಗೆಣಸು ಅಗೆಯುವ ಕಾಡುಹಂದಿ ಗಡ್ಡೆಯ ಜೊತೆ ಮರಳನ್ನೂ ಜಗಿಯುತ್ತದೆ. ಮೋಸ್ ಮಾಪಕದಲ್ಲಿ ಎನಾಮೆಲ್‌ನ ಗಡಸು 5, ಮರಳಿನ ಸ್ಫಟಿಕದ್ದು 7. ಗೀರು ಹಾಕಿದ್ದು ಗಡ್ಡೆಯೋ ಮರಳೋ? ಅದಕ್ಕೇ ಈಗ ಬದುಕಿರುವ, ಮೇವು ಗೊತ್ತಿರುವ ಹಂದಿಗಳ ಜೊತೆ ಹೋಲಿಸುವುದು: ಹುಲ್ಲಿಗೆ ಆಫ್ರಿಕಾದ ವಾರ್ಟ್‌ಹಾಗ್, ಅಗೆದು ತಿನ್ನುವುದಕ್ಕೆ ಬುಷ್‌ಪಿಗ್.

ಇನ್ನೊಂದು ವಿಷಯ, ಗೀರುಗಳು ದಿನಗಳಲ್ಲಿ ಇಲ್ಲವೇ ವಾರಗಳಲ್ಲಿ ಅಳಿದು ಹೊಸದಾಗುತ್ತವೆ. ಬೇಸಿಗೆಯಲ್ಲಿ ಸತ್ತ ಹಂದಿ ಬೇಸಿಗೆಯ ಊಟವನ್ನಷ್ಟೇ ಹೇಳೀತು. ಎನಾಮೆಲ್‌ನ ಇಂಗಾಲದ ಐಸೊಟೋಪು (ತೂಕ ಬೇರೆಯಿರುವ ಇಂಗಾಲದ ಪರಮಾಣುಗಳು; ಇವುಗಳ ಪ್ರಮಾಣ ನೋಡಿ ಉಷ್ಣವಲಯದ ಹುಲ್ಲು ತಿಂದಿದೆಯೋ ಬೇರೆ ಗಿಡವೋ ಎಂದು ಹೇಳುತ್ತಾರೆ) ಹೇಳುವುದು ಹಲ್ಲು ಬೆಳೆಯುತ್ತಿದ್ದ ಕಾಲದ್ದು. ಹುಲ್ಲು ಮೇಯುವ ಪ್ರಾಣಿಗಳಲ್ಲಿ ಹೆಚ್ಚಾಗಿ ಕಾಣುವ ಹಲ್ಲಿನ ಎತ್ತರ ಲಕ್ಷಾಂತರ ವರ್ಷಗಳ ವಿಕಾಸದ್ದು. ಹಾಗಾಗಿ ಇವು ಒಂದಕ್ಕೊಂದು ಹೊಂದದಿದ್ದರೆ ಗಾಬರಿ ಬೇಡ. ಪೂರ್ವ ಆಫ್ರಿಕಾದ ಅಳಿದುಹೋದ ಹಂದಿ ಮೆಟ್ರಿಡಿಯೊಕೀರಸ್‌ನ ಮೂರನೇ ದವಡೆ ಹಲ್ಲು ವಾರ್ಟ್‌ಹಾಗ್‌ನದರಂತೆ ಉದ್ದ, ಎತ್ತರ. ಅಷ್ಟು ಎತ್ತರವಿಲ್ಲದ ಹಲ್ಲಿನ ಇನ್ನೊಂದು ಅಳಿದ ಹಂದಿ ಕೊಲ್ಪೊಕೀರಸ್ ಕೂಡ ಐಸೊಟೋಪಿನ ಲೆಕ್ಕದಲ್ಲಿ ಹೆಚ್ಚಾಗಿ ಉಷ್ಣವಲಯದ ಹುಲ್ಲನ್ನೇ ತಿಂದಿದೆ. ಹಲ್ಲಿನ ಆಕಾರ ಮಾತ್ರ ನೋಡಿ ತೀರ್ಪು ಕೊಟ್ಟರೆ ಎಡವುವುದು ಇಲ್ಲೇ.

ಅಭ್ಯಾಸಕ್ಕೆ ಮಾಂಸದಂಗಡಿಯ ದವಡೆ ಆಗುತ್ತದೆ, ಆದರೆ ಮುದಿ ಹೆಣ್ಣುಹಂದಿಯದ್ದೇ ಕೇಳಿ. ಮಾಂಸಕ್ಕೆಂದು ಆರೆಂಟು ತಿಂಗಳಿಗೆ ಕಡಿದ ಹಂದಿಗೆ ಎರಡನೇ ದವಡೆ ಹಲ್ಲು ಸರಿಯಾಗಿ ಹುಟ್ಟಿರುವುದೇ ಇಲ್ಲ. ಬೇಯಿಸಿ ಮಾಂಸ ಬಿಡಿಸುವಾಗ ತಂತಿ ಬ್ರಷ್ ಮುಟ್ಟಿಸಬೇಡಿ, ಗೀರೆಲ್ಲ ಬ್ರಷ್‌ನದೇ ಆದೀತು. ಕಾಡುಹಂದಿಯ ದವಡೆಯನ್ನು ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮನೆಗೆ ತರಬೇಡಿ.